ಎಡಗಾಲಿನ ಅರ್ಧ ಹೆಜ್ಜೆ

ಮತ್ತೆ ಎಡಗಾಲು, ಮೊದಲು ಹಿಮ್ಮಡಿ ಏಳುತ್ತದೆ ಆಮೇಲೆ ಬೆರಳು, ಹುಲ್ಲಿನ ಮೇಲೆ ಒಂದು ಗೇಣು ಪಕ್ಕಕ್ಕೆ, ಅಷ್ಟೇ, ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು — ಏಕನಾಥಮ್ಮ ವಿಡಿಯೊ ನಿಲ್ಲಿಸಿದಳು, ಹಿಂದಕ್ಕೆಳೆದಳು, ಮತ್ತೆ ಬಿಟ್ಟಳು, ಇದಕ್ಕೇ ತಾನು ಹತ್ತಕ್ಕೆ ನಾಲ್ಕು ಕೊಟ್ಟದ್ದು, ಅಂಕ ಹಾಕುವ ಉಳಿದ ಮೂವರೂ ಒಂಬತ್ತು ಕೊಟ್ಟ ಹುಡುಗನಿಗೆ. ಕಿಟಕಿಯಾಚೆ ದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಹಿರಿಯೂರ್ ಹಿರಿಯೂರ್ ಎಂದು ಕೂಗುತ್ತಿದ್ದಾನೆ, ಕೆಳಗಿನ ಗೊಬ್ಬರದಂಗಡಿಯ ವಾಸನೆ ಮೆಟ್ಟಿಲು ಹತ್ತಿ ಬರುತ್ತಿದೆ, ಪರದೆಯ ಮೇಲೆ ಅಮೆರಿಕದ ಯಾವುದೋ ಕಾಲೇಜಿನ ಮೈದಾನ, ಅಲ್ಲಿನ ಫುಟ್‌ಬಾಲ್ ಆಡುವ, ಹೆಲ್ಮೆಟ್ಟು ಹಾಕಿದ ಹುಡುಗರು, ಅವರಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವವನು ರನ್ನಿಂಗ್ ಬ್ಯಾಕ್, ಸಂಬಳ ಕೊಟ್ಟು ಆಡಿಸುವ ದೊಡ್ಡ ತಂಡಗಳು ಇಂಥವನನ್ನು ತೆಗೆದುಕೊಳ್ಳಬಹುದೋ ಬೇಡವೋ ಎಂದು ನೋಡಿ ಅಂಕ ಹಾಕುವುದು ಈ ಆಫೀಸಿನ ಕೆಲಸ, ಹುಡುಗರ ಹೆಸರು ತಿಳಿಸುವುದಿಲ್ಲ, ಅಂಗಿಯ ನಂಬರು ಮಾತ್ರ, ಇವನು ಇಪ್ಪತ್ತನಾಲ್ಕು. ಓಡಿದರೆ ಏನು ಓಟ! ಪಕ್ಕದ ಸೀಟಿನ ಅನುಷಾ ಬೆಳಿಗ್ಗೆಯೇ ಅಂದಿದ್ದಳು, ಅಕ್ಕ ಅವ್ನ ತೊಡೆ ನೋಡು, ಹಿಂಡಿ ಹಾಕಿ ಸಾಕಿದ್ ಹೋರಿ ಇದ್ದಂಗೈತೆ, ನಂಗಾದ್ರೆ ಹತ್ತಕ್ಕೆ ಹನ್ನೆರಡು. ನಿಜ, ನಾಲ್ಕು ಜನ ಮೈಮೇಲೆ ಬಿದ್ದರೂ ಎಳೆದುಕೊಂಡೇ ಹೋಗುತ್ತಾನೆ, ಚೆಂಡು ತನ್ನ ಕೈಯಲ್ಲಿದ್ದರೆ. ಚೆಂಡು ಎಸೆಯುವವನ ಕೈಯಲ್ಲಿದ್ದಾಗ ಇವನ ಕೆಲಸ ಬೇರೆ, ಎದುರಾಳಿ ನುಗ್ಗಿ ಬಂದರೆ ಅಡ್ಡ ನಿಲ್ಲಬೇಕು, ಹೊಡೆತ ತಾನು ತಿನ್ನಬೇಕು, ಆಗ ಈ ಎಡಗಾಲು, ಹೆಗಲನ್ನು ತಾಗಿಸಿದಂತೆ ಮಾಡಿ ಅರ್ಧ ಹೆಜ್ಜೆ ಪಕ್ಕಕ್ಕೆ, ಹಿಂದೆ ನಿಂತವನು ಎಸೆಯಲು ಕೈಯೆತ್ತಿದ್ದಾನೆ, ಪಕ್ಕೆಲುಬು ತೆರೆದಿದೆ, ಬಿದ್ದ.

ಲಕ್ಷ್ಮೀಕಾಂತ್ ಬಂದು ಕುರ್ಚಿಯ ಹಿಂದೆ ನಿಂತಿದ್ದಾನೆ, ಮೇಲ್ವಿಚಾರಕ, ಅವಳಿಗಿಂತ ಚಿಕ್ಕವನು, ಗದರಲು ಬಾರದವನು, ಏಕನಾಥಕ್ಕ, ಏಳಾದ್ರೂ ಮಾಡ್ರಿ, ಮೂರ್ ಜನ ಒಂಬತ್ತು ಅಂದು ನೀವೊಬ್ರೇ ನಾಲ್ಕು ಅಂದ್ರೆ ಕಂಪನಿಯೋರು ಯಾರ ತಲೆ ಕೆಟ್ಟೈತೆ ಅಂತ ಕೇಳ್ತಾರೆ, ಇಂಗೇ ಆದ್ರೆ ನಿಮ್ಮನ್ನ ಅಂಕ ಹಾಕೋ ಕೆಲಸದಿಂದ ತೆಗ್ದು ಹಳೇ ಸಾಲಿಗೇ ಕೂರಿಸ್ಬೇಕಾಗ್ತೈತೆ, ನಂಗೇನು ಅದು ಇಷ್ಟಾನಾ? ಇನ್ನೊಂದ್ಸಲ ನೋಡ್ತೀನಿ ಸರ್. ನೋಡ್ರಿ, ಸಂಜಿಗೆ ಫೈಲು ಕಳಿಸ್ಬೇಕು. ಹಳೇ ಸಾಲು ಎಂದರೆ ಯಾರು ಓಡಿದರು ಯಾರು ಬಿದ್ದರು ಎಂದು ಗುಂಡಿ ಒತ್ತುತ್ತ ಕೂರುವುದು, ಎರಡು ವರ್ಷ ಒತ್ತಿದ್ದಾಳೆ, ಅಭಿಪ್ರಾಯ ಬರೆಯುವ ಈ ಕುರ್ಚಿ ಸಿಕ್ಕ ದಿನ ಕಾರಣವಿಲ್ಲದೆ ಬಸ್‌ಸ್ಟ್ಯಾಂಡಿಗೆ ಎರಡು ಸುತ್ತು ಹಾಕಿದ್ದಳು. ಆ ಆಟವನ್ನು ಕಣ್ಣಾರೆ ಕಂಡವಳಲ್ಲ, ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತ ಬಿ.ಎ. ಮುಗಿಸಿದವಳು, ಒಂಬತ್ತು ಕೊಟ್ಟ ಅಮೆರಿಕದ ಆ ಮೂವರು ಹುಟ್ಟಿದಾಗಿನಿಂದ ಆ ಆಟ ನೋಡಿದವರು, ಅವರಿಗೆ ಕಾಣದ್ದು ತನಗೆ ಕಂಡಿತೇ — ಅಥವಾ ಕಂಡದ್ದು ಬೇರೆಯೇನೋ. ಇದೇ ಅವಳ ಭಯ. ಫೋನು ಮೇಜಿನ ಮೇಲೆ ಗುರ್ರೆನ್ನುತ್ತಿದೆ, ಅವ್ವ.

ತವರೂರು ತಾಳ್ಯದಿಂದ ಓಬವ್ವ ಪಿಸುಗುಟ್ಟಿದರೂ ಅದು ಕೂಗಿದಂತೆಯೇ, ಜಂಪಣ್ಣ ಬಂದವ್ನೆ ಕಣೆ, ಪಡಸಾಲೇಲಿ ಕುಂತವ್ನೆ, ನಿನ್ನ ಕರ್ಕಂಡ್ ಹೋಗಾಕೆ. ಏನಂತೆ? ಏನನ್ನಾದೈತೆ, ಗಂಡ ಅಲ್ವಾ, ಒಂದಿನ ಕೈ ಎತ್ತಲಿಲ್ಲ, ಕುಡೀಲಿಲ್ಲ, ಅವ್ನ ತಪ್ಪೇನು ಹೇಳು ನೋಡಾಣ. ಅವ್ವಾ ಕೆಲಸ ಐತೆ ಇಡು. ಹೇಳಲಾಗದು, ಅದೇ ಕಷ್ಟ, ಹೇಳಿದರೆ ಇಷ್ಟೇನಾ ಅನ್ನುತ್ತಾರೆ — ಹೊಳಲ್ಕೆರೆಯ ಆ ಮನೆಯ ಅಂಗಳ, ಅವಳು ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು ದುರ್ಗದ ಬಸ್ಸಿಗೆ ಹೊರಟಿದ್ದಾಳೆ, ಭಾವ ಉಗ್ರಪ್ಪ ಎದುರಿನಿಂದ ಬರುತ್ತಿದ್ದಾನೆ, ಏನವ್ವ ಕಲೆಕ್ಟ್ರು, ಸಂಜಿ ಆದ್ರೆ ಸಾಕು ಊರ್ ಮೇಲೆ ಹೋಗ್ತೀಯ, ಮುಸ್ರೆ ಯಾರು ತೊಳೀಬೇಕು? ಅವನಿಗೂ ಅವಳಿಗೂ ನಡುವೆ ಜಂಪಣ್ಣ. ಅಡ್ಡ ನಿಂತಿದ್ದ, ಸರಿಯಾಗಿ ಅಡ್ಡ, ಅಲ್ಲೇ ಸುಮ್ಮನೆ ನಿಂತಿದ್ದರೂ ಸಾಕಿತ್ತು, ಮಾತು ಬೇಕಿರಲಿಲ್ಲ. ಚಪ್ಪಲಿಗೆ ಏನೋ ಚುಚ್ಚಿದಂತೆ ಕೆಳಗೆ ನೋಡಿದ, ಎಡಗಾಲು ಎದ್ದಿತು, ಅರ್ಧ ಹೆಜ್ಜೆ. ಉಗ್ರಪ್ಪ ನೇರ ಬಂದು ಚೀಲ ಕಿತ್ತು ದನದ ಬಾನಿಗೆ ಎಸೆದ, ಪುಸ್ತಕಗಳು ಕಲಗಚ್ಚಿನಲ್ಲಿ ತೇಲಲಿಲ್ಲ, ಮುಳುಗಿದವು. ರಾತ್ರಿ ಜಂಪಣ್ಣ, ನಾನೇನಾದ್ರೂ ಅಂದ್ನಾ ನಿಂಗೆ?

ಹಾಗಾದರೆ ಈ ನಾಲ್ಕು ಯಾರಿಗೆ ಕೊಟ್ಟದ್ದು, ಇಪ್ಪತ್ತನಾಲ್ಕಕ್ಕೋ ಜಂಪಣ್ಣನಿಗೋ? ಸಮುದ್ರದಾಚೆಯ ಹುಡುಗ, ಅವನ ತಾಯಿಯೂ ಎಲ್ಲೋ ಕಾದು ಕುಳಿತಿರಬಹುದು, ಹೊಳಲ್ಕೆರೆಯ ಅಂಗಳದ ಸಿಟ್ಟನ್ನು ಅವನ ತಲೆಗೆ ಕಟ್ಟಿದರೆ ಅದು ಅನ್ಯಾಯ, ಅಂಥ ಅಂಕ ಹಾಕುವವಳು ಹಳೇ ಸಾಲಿನಲ್ಲೇ ಕೂರಬೇಕು. ಏಳು ಮಾಡಿಬಿಡು. ಬೆರಳು ಏಳರ ಮೇಲೆ ನಿಂತಿತು. ಇಲ್ಲ, ಮೊದಲು ತಾನು ತಪ್ಪು ಎಂದು ತೋರಿಸುವುದನ್ನೇ ಹುಡುಕಬೇಕು, ಅವನು ಅಡ್ಡ ನಿಂತದ್ದು ಒಂದೇ ಒಂದು ಸಿಕ್ಕರೂ ಸಾಕು, ಯಾರೂ ತೆರೆಯದ ಹಳೆಯ ಆಟಗಳನ್ನು ತೆರೆದಳು, ಅವನು ಕಾಲೇಜು ಸೇರಿದ ಮೊದಲ ವರ್ಷದವು, ಚಹಾ ಬಂತು, ಆರಿತು, ಅಕ್ಕ ಆ ಹೋರೀನ ಮದ್ವೆ ಆಗ್ತೀಯೋ ಹೆಂಗೆ, ಎಂದಳು ಅನುಷಾ, ಹೂಂ ಕಣೆ ಕಾರ್ಡಿಗೆ ನಿನ್ನ ಹೆಸ್ರೂ ಹಾಕಿಸ್ತೀನಿ ಎಂದಳು ಕಣ್ಣು ಕೀಳದೆ, ಆಗ ಸಿಕ್ಕಿತು. ತೆಳ್ಳಗಿನ ಇಪ್ಪತ್ತನಾಲ್ಕು, ತೊಡೆ ಇನ್ನೂ ತುಂಬಿಲ್ಲ, ಎದುರಿಗೆ ಅವನ ಎರಡರಷ್ಟು ತೂಕದವನು ನುಗ್ಗುತ್ತಿದ್ದಾನೆ, ಕಾಲು ಕದಲಲಿಲ್ಲ, ಎದೆ ಕೊಟ್ಟ, ಹಾರಿಬಿದ್ದ, ಹಿಂದಿನವನು ನೆಮ್ಮದಿಯಾಗಿ ಚೆಂಡು ಎಸೆದ. ಇನ್ನೊಂದು, ಹಾಗೆಯೇ. ಮತ್ತೊಂದು. ನಿಲ್ಲಬಲ್ಲವನು.

ಜಂಪಣ್ಣನೂ ನಿಂತಿದ್ದ, ಅದೂ ನಿಜ, ಮದುವೆಯ ಹೊಸದರಲ್ಲಿ ಹೊಸದುರ್ಗದ ಬಸ್ಸಿನಲ್ಲಿ ಕುಡುಕನೊಬ್ಬ ಮೈಮೇಲೆ ವಾಲಿದಾಗ ನಡುವೆ ನಿಂತು ತುಟಿ ಒಡೆಸಿಕೊಂಡವನು, ರಕ್ತ ಒರೆಸಿಕೊಂಡು ನಕ್ಕು, ಭಯ ಬಿತ್ತಾ ಅಂದವನು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಹೇಳಿದರೆ ತನ್ನ ಕಡೆಯ ತಕ್ಕಡಿ ಮೇಲೇಳುತ್ತದೆ ಎಂದುಕೊಂಡಿದ್ದಳು. ಏಳುವುದಿಲ್ಲ. ಬಾರದವನಾಗಿದ್ದರೆ ಕಲಿಸಬಹುದಿತ್ತು, ಅಂಜುಬುರುಕನಾಗಿದ್ದರೆ ಕನಿಕರಪಡಬಹುದಿತ್ತು, ಈ ಹುಡುಗನಿಗೆ ಬರುತ್ತದೆ, ಓಟಕ್ಕೆ ಚಪ್ಪಾಳೆ ಬೀಳತೊಡಗಿದ ಮೇಲೆ ಬಿಟ್ಟಿದ್ದಾನೆ, ಮನೆಯವರು ಒಳ್ಳೆಯ ಮಗ ಎನ್ನತೊಡಗಿದ ಮೇಲೆ ಜಂಪಣ್ಣನೂ ಬಿಟ್ಟ. ಅವರು ಒಂಬತ್ತು ಕೊಡಲಿ, ಹನ್ನೆರಡು ಕೊಡಲಿ. ಅವಳು ಬರೆದಳು, ಅಡ್ಡ ನಿಲ್ಲಲು ಬಲ್ಲ, ಈಗ ನಿಲ್ಲುವುದಿಲ್ಲ, ಆಟಗಳ ಪಟ್ಟಿ ಕೆಳಗಿದೆ, ನೋಡಿ. ಅಂಕ ನಾಲ್ಕು. ಸರ್ ಕಳಿಸ್ರಿ. ಬದಲಾಯಿಸಿದ್ರಾ ಅಕ್ಕ? ಇಲ್ಲ. ನಾಳಿಂದ ಎಲ್ಲಿ ಕುಂತ್ಕಾಬೇಕು ಹೇಳ್ರಿ, ಅಲ್ಲೇ ಕುಂತ್ಕಂತೀನಿ, ಆದ್ರೆ ಅದು ನಾಲ್ಕೇ. ಲಕ್ಷ್ಮೀಕಾಂತ್ ಫೈಲು ಕಳಿಸಲು ತನ್ನ ಮೇಜಿಗೆ ಹೋದ, ಅನುಷಾ ತಲೆ ತಗ್ಗಿಸಿ ಗುಂಡಿ ಒತ್ತುತ್ತಿದ್ದಾಳೆ, ಫೋನು ಮತ್ತೆ, ಈ ಸಲ ಜಂಪಣ್ಣ, ಅವ್ವನ ಪಡಸಾಲೆಯಿಂದಲೇ, ನೋಡು ನಾನೇ ಬಂದೀನಿ, ಇನ್ನೇನ್ ಮಾಡ್ಬೇಕು ನಾನು? ಉಗ್ರಪ್ಪ ಭಾವಂಗೆ ಏನಂತ ಹೇಳಿ ಬಂದ್ರಿ? ಅಣ್ಣಂಗಾ? ಅಣ್ಣಂಗೆ ಯಾಕೆ, ಅವ್ನಿಗೆ ಗೊತ್ತಿಲ್ಲ, ನೀನು ಬಾ, ಆಮೇಲೆ ಹೇಳಿದ್ರಾಯ್ತು — ಅವಳು ಫೋನು ಕೆಳಗಿಟ್ಟಳು, ಒಳಗಿನ ದನಿ ಹಲೋ ಹಲೋ ಎನ್ನುತ್ತಿದೆ, ಪರದೆಯ ಮೇಲೆ ಮತ್ತೆ ಮೊದಲಿನ ವಿಡಿಯೊ, ನಿಲ್ಲಿಸಿದ ಎಡಗಾಲು, ಹಿಮ್ಮಡಿ ಎದ್ದಿದೆ, ಹಿಮ್ಮಡಿಗೂ ಹುಲ್ಲಿಗೂ ನಡುವೆ ಎರಡು ಬೆರಳು ಬೆಳಕು, ಹಿಮ್ಮಡಿ ಎದ್ದಿದೆ, ಎದ್ದಿದೆ —