ಸೈಕಲ್ ತುಳಿಯುವವನಿಗೆ ಟ್ಯಾಕ್ಸಿ ಏಕೆ

ನನ್ನ ಗಂಡ ವೀಬೆಗೆ ಅಡುಗೆಮನೆಯಿಂದ ಹಜಾರಕ್ಕೆ ನಡೆದು ಬರುವುದು ಕಷ್ಟ. ಆದರೆ ಕಾಲುವೆಯ ಏರಿಯ ಮೇಲೆ ಸೈಕಲ್ ತುಳಿದು ಪಕ್ಕದ ಊರಿನವರೆಗೆ ಹೋಗಿಬರಬಲ್ಲ. ಹೀಗೆಂದರೆ ಕೇಳಿದವರು ನಗುತ್ತಾರೆ. ಪಾರ್ಕಿನ್ಸನ್ ಕಾಯಿಲೆ ಇರುವ ಮನೆಯವರು ಮಾತ್ರ ನಗುವುದಿಲ್ಲ. ನಡೆಯುವಾಗ ಹೊಸಿಲು ಎದುರಾದರೆ ಸಾಕು, ಅವನ ಪಾದಗಳು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತವೆ. ಅವೇ ಪಾದಗಳು ಪೆಡಲಿನ ಮೇಲೆ ತಾವಾಗಿ ತಿರುಗುತ್ತವೆ. ಹತ್ತಿಸುವುದು ನಾನು, ಇಳಿಸುವುದೂ ನಾನು, ಪಕ್ಕದಲ್ಲೇ ನನ್ನ ಸೈಕಲ್ ತುಳಿಯುವುದೂ ನಾನು. ಆದರೂ ನಡುವಿನ ದಾರಿ ಅವನದು. ಕಾಯಿಲೆ ಭಾವನೆಗಳನ್ನೆಲ್ಲ ಒರೆಸಿಹಾಕಿದ ಅವನ ಮುಖಕ್ಕೆ ಆ ಹೊತ್ತಿನಲ್ಲಿ ಹಳೆಯ ನಗು ಒಂದಿಷ್ಟು ಮರಳುತ್ತದೆ.

ಆ ನಗುವನ್ನೇ ಯಾರೋ ನೋಡಿ ಪುರಸಭೆಗೆ ದೂರು ಕೊಟ್ಟರು. ಯಾರೆಂದು ನನಗೆ ಗೊತ್ತು. ನಮ್ಮ ಬೀದಿಯ ಕಿಟಕಿಗಳಿಗೆ ಪರದೆ ಇಲ್ಲ. ಒಳಗಿನವರು ಹೊರಗೆ ನೋಡುತ್ತಾರೆ, ಹೊರಗಿನವರು ಒಳಗೆ ನೋಡುತ್ತಾರೆ, ಎಲ್ಲರೂ ನೋಡಲಿಲ್ಲವೆಂಬ ಹಾಗೆ ಇರುತ್ತಾರೆ. ಸೈಕಲ್ ತುಳಿಯುವವನಿಗೆ ಟ್ಯಾಕ್ಸಿ ಏಕೆ ಎಂಬುದು ದೂರು.

ನಡೆಯಲು ಕಷ್ಟವಾದವರಿಗೆಂದು ತಾನೇ ಕೊಟ್ಟಿದ್ದ ಟ್ಯಾಕ್ಸಿ ಪಾಸನ್ನು ಪುರಸಭೆ ತಡೆಹಿಡಿಯಿತು. ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಕೆಲಸಕ್ಕೆ ಹೋದ ದಿನಗಳಲ್ಲಿ ಅವನನ್ನು ವ್ಯಾಯಾಮಕ್ಕೂ ಗುರುವಾರದ ಪಾರ್ಕಿನ್ಸನ್ ಕೂಟಕ್ಕೂ ಕರೆದೊಯ್ಯುತ್ತಿದ್ದದ್ದು ಆ ಟ್ಯಾಕ್ಸಿ. ಬಸ್ಸಿನ ಬಾಗಿಲಲ್ಲಿ ಅವನ ಕಾಲು ನಿಂತುಹೋದರೆ ಹಿಂದಿನವರು ಕುಡುಕ ಎನ್ನುತ್ತಾರೆ. ಪಾಸು ಇಲ್ಲದಿದ್ದರೆ ಅವನ ಲೋಕ ಒಂದು ಕುರ್ಚಿ ಮತ್ತು ಒಂದು ಕಿಟಕಿ, ಅಷ್ಟೇ.

ನಾನು ಸಿಡುಕುವವಳಲ್ಲ. ಫೋನಿನಲ್ಲಿ ಕಾಯಿಸಿದರು, ಕಾದೆ. ಬೇರೆ ವಿಭಾಗ ಎಂದರು, ಅಲ್ಲಿಗೂ ಫೋನ್ ಮಾಡಿದೆ. ಆದರೆ ಒಂದು ಮಧ್ಯಾಹ್ನ ಮಗಳು ಇಮ್ಕೆ ಶಾಲೆಯಿಂದ ಬಂದು, ಚೀಲ ಕೂಡ ಇಳಿಸದೆ, "ಅಮ್ಮ, ಅಪ್ಪ ನಾಟಕ ಮಾಡ್ತಾರಂತೆ, ಹೌದಾ?" ಎಂದು ಕೇಳಿದಳು. ಇಲ್ಲ ಎಂದು ಸಮಾಧಾನವಾಗಿಯೇ ಹೇಳಿದೆ. ಆಮೇಲೆ ನೋಡಿದರೆ, ಕೈಯಲ್ಲಿದ್ದ ಆಲೂಗಡ್ಡೆಯನ್ನು ಹೆರೆದು ಹೆರೆದು ಗೋಲಿಯಷ್ಟು ಮಾಡಿದ್ದೆ.

ಕೂಟವನ್ನು ನಡೆಸುವವಳು ಗ್ರೀಟ್ ಅಜ್ಜಿ. ಸಂತೆಯಲ್ಲಿ ಮೀನು ಮಾರಿ ಬದುಕಿದವಳು. ಕಾಯಿಲೆ ಅವಳ ಕೈಗಳನ್ನು ನಡುಗಿಸಿದೆ, ನಾಲಿಗೆಯನ್ನು ಮುಟ್ಟಿಲ್ಲ. ವಿಷಯ ಕೇಳಿ, "ಅವರನ್ನ ಇಲ್ಲಿಗೇ ಕರೆಸು ಹುಡುಗಿ. ಕಚೇರೀಲಿ ಕೂತವರಿಗೆ ಏನು ಕಾಣತ್ತೆ?" ಎಂದಳು.

ಪುರಸಭೆಗೆ ಫೋನ್ ಮಾಡಿ ಹಾಗೇ ಕೇಳಿಕೊಂಡೆ. ಮುಂದಿನ ಗುರುವಾರ ನಾನು ರಜೆ ಹಾಕಿ ವೀಬೆಯ ಜೊತೆ ಕೂಟಕ್ಕೆ ಹೋದೆ, ಮಾರ್ಲೂಸ್ ಎಂಬ ಅಧಿಕಾರಿಯೂ ಬಂದರು. ಚಿಕ್ಕ ವಯಸ್ಸು, ಒಳ್ಳೆಯ ಮಾತು. ಕೂಟದಲ್ಲಿ ಎಲ್ಲರಿಗೂ ಅರ್ಧ ಕಪ್ ಕಾಫಿ, ಒಂದು ಬಿಸ್ಕತ್ತು. ಅವರು ತಮ್ಮ ಕಪ್ಪಿನೊಳಗೆ ಇಣುಕಿದ್ದನ್ನು ಗ್ರೀಟ್ ಗಮನಿಸಿದಳು.

"ಜಿಪುಣತನ ಅಲ್ಲ ಮೇಡಂ. ತುಂಬಿಸಿ ಕೊಟ್ರೆ ಇಲ್ಲಿ ಅರ್ಧ ಕಾಫಿ ಮಡಿಲು ಕುಡಿಯತ್ತೆ."

ಮಾರ್ಲೂಸ್ ನಕ್ಕು, ವೀಬೆಯ ಕಡೆ ತಿರುಗಿ, ಕಿಟಕಿಯವರೆಗೆ ಸ್ವಲ್ಪ ನಡೆದು ತೋರಿಸುತ್ತೀರಾ ಎಂದು ಕೇಳಿದರು.

ವೀಬೆ ಎದ್ದ. ನಡೆದ. ಎಷ್ಟು ಚೆನ್ನಾಗಿ ನಡೆದನೆಂದರೆ, ಪಾಸು ಕೈತಪ್ಪಿತು ಎಂದುಕೊಂಡೆ. ಬೆನ್ನು ನೇರ, ಕೈಗಳ ಬೀಸು ಸರಾಗ, ಮದುವೆಯಾದ ಹೊಸತರಲ್ಲಿ ನಡೆಯುತ್ತಿದ್ದಂತೆ. ಈ ಕಾಯಿಲೆಯ ದ್ರೋಹ ಇದು. ವೈದ್ಯರ ಮುಂದೆ, ಹೊರಗಿನವರ ಮುಂದೆ ಮೈ ಎಲ್ಲಿಂದಲೋ ಶಕ್ತಿಯನ್ನು ಸಾಲ ತಂದು ನಿಲ್ಲುತ್ತದೆ. ಸಾಲ ತೀರಿಸುವುದು ಮನೆಯಲ್ಲಿ, ನಮ್ಮ ಕಣ್ಣೆದುರು. ಪಕ್ಕದಲ್ಲಿದ್ದ ಹಾರ್ಮ್, ನಿವೃತ್ತ ಹಡಗು ಚಾಲಕ, ಹಣೆಗೆ ಕೈಯಿಟ್ಟುಕೊಂಡು, "ಲೋ, ಇವತ್ತೇ ಬೇಕಿತ್ತಾ ನಿನಗಿದು?" ಎಂದು ಗೊಣಗಿದ.

"ಚೆನ್ನಾಗಿ ನಡೀತೀರಲ್ಲ," ಎಂದರು ಮಾರ್ಲೂಸ್.

ಇದೆಂಥ ನ್ಯಾಯ? ಹಾಸಿಗೆ ಹಿಡಿದರೆ ಅವನು ಒಳ್ಳೆಯ ರೋಗಿ. ಎದ್ದು ಒಂದಿಷ್ಟು ಗಾಳಿ ಕುಡಿದರೆ ಕಳ್ಳ. ಕಾಯಿಲೆ ಇದೆಯೆಂದು ತೋರಿಸಲು ಅವನು ಬೀಳಬೇಕು, ಅದೂ ಇವರು ಬಂದ ಹೊತ್ತಿಗೆ ಸರಿಯಾಗಿ. ಮೈ ಹಾಗೆ ಹೇಳಿದ ಮಾತು ಕೇಳುವುದಾದರೆ ನಮಗೆ ಪಾಸೇ ಬೇಕಿರಲಿಲ್ಲ.

ಇನ್ಯಾರದೋ ಮನೆಗೆ ಹೋಗಬೇಕೆಂದು ಮಾರ್ಲೂಸ್ ಕೋಟು ಹಾಕಿಕೊಂಡರು. ಎಲ್ಲೇ ಇರಲಿ, ಹೊರಟವರನ್ನು ಬಾಗಿಲವರೆಗೆ ಕಳಿಸಿಕೊಡುವುದು ವೀಬೆಯ ಅಭ್ಯಾಸ. ಮುಂದೆ ಹೋಗಿ ಬಾಗಿಲು ತೆರೆದ. ಹೊಸಿಲ ಮೇಲೆ ನಿಂತ. ನಿಂತೇಬಿಟ್ಟ.

ಆ ಕೋಣೆಗೆ ಅದೊಂದೇ ಬಾಗಿಲು. ವೀಬೆ ಅಗಲವಾದ ಮನುಷ್ಯ.

ಸ್ವಲ್ಪ ದಾರಿ ಬಿಡಿ ಎಂದು ಮಾರ್ಲೂಸ್ ಹಿಂದಿನಿಂದ ಹೇಳಿದರು. ವೀಬೆಯ ಹಿಮ್ಮಡಿಗಳು ನಡುಗಿದವು, ಪಾದ ಏಳಲಿಲ್ಲ. ನಾನು ಎಂದಿನಂತೆ ಪಕ್ಕದಿಂದ ನನ್ನ ಬೂಟನ್ನು ಅವನ ಪಾದದ ಮುಂದೆ ಅಡ್ಡ ಇಟ್ಟೆ. ಏನಾದರೂ ದಾಟಲು ಸಿಕ್ಕರೆ ಅವನ ಕಾಲು ಏಳುತ್ತದೆ.

"ಕಾಲು ತೆಗಿ," ಎಂದ ವೀಬೆ. ಅವನ ದನಿ ಈಗ ತೀರಾ ಸಣ್ಣದು, ಆದರೂ ಕೋಣೆಗೆಲ್ಲ ಕೇಳಿಸಿತು.

"ವೀಬೆ, ಅವರಿಗೆ ಹೊತ್ತಾಗತ್ತೆ."

"ನನಗೆ ದಿನಾ ಆಗತ್ತೆ."

ನಾನು ಕಾಲು ತೆಗೆದೆ.

ಮಾರ್ಲೂಸ್ ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಪಕ್ಕದಿಂದ ನುಸುಳಲು ಹೋದರು, ಆಗಲಿಲ್ಲ. ಕೊನೆಗೆ ಅವನ ತೋಳಿಗೆ ಕೈ ಹಾಕಿದರು.

"ಎಳೀಬೇಡಿ, ಬೀಳ್ತಾನೆ," ಎಂದಳು ಗ್ರೀಟ್, ಕುಳಿತಲ್ಲಿಂದಲೇ. "ಹೊರಗೆ ಹೋಗ್ಬೇಕಾ? ಅವಳು ಇಟ್ಟ ಹಾಗೆ ನಿಮ್ಮ ಬೂಟು ಇಡಿ."

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡರೋ ಏನೋ, ಮೊದಲು ಗ್ರೀಟ್ ಕಡೆ ತಿರುಗಿ ನೋಡಿದರು. ಆಮೇಲೆ ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು, ಓರೆಯಾಗಿ ಕಾಲು ಚಾಚಿ, ಹೊಳೆಯುವ ಬೂಟನ್ನು ಅವನ ಪಾದದ ಮುಂದೆ ಇಟ್ಟರು. ವೀಬೆ ಮೊಣಕಾಲನ್ನು ಎತ್ತರಕ್ಕೆ ಎತ್ತಿ, ಆ ಬೂಟನ್ನು ದಾಟಿ, ಹಿಂದೆ ನೋಡದೆ ಓಣಿಯ ಉದ್ದಕ್ಕೂ ನಡೆದುಹೋದ.

ದಾರಿ ಬಿಟ್ಟಿತ್ತು. ಮಾರ್ಲೂಸ್ ಹೊರಡಲಿಲ್ಲ. ಸೈಕಲ್‌ನಿಂದ ಇಳಿಯುವಾಗ ಹೇಗೆ ಎಂದು ಕೇಳಿದರು.

"ನಾನು ಹಿಡ್ಕೋತೀನಿ. ನಾನಿಲ್ದಿದ್ರೆ ಬೀಳ್ತಾನೆ. ಟ್ಯಾಕ್ಸಿ ಬೇಕಾಗಿರೋದು ನಾನಿಲ್ದಿರೋ ದಿನಕ್ಕೆ," ಎಂದೆ. ಇಷ್ಟು ದಿನದಲ್ಲಿ ಯಾರೂ ಕೇಳದ ಪ್ರಶ್ನೆ ಅದು.

ಪಾಸು ಮರಳಿ ಬಂತು. ಒಂದು ವರ್ಷಕ್ಕೆ ಮಾತ್ರ. ಆಮೇಲೆ ಸುಧಾರಣೆ ಆಗಿದೆಯೇ ಎಂದು ಮತ್ತೆ ಪರೀಕ್ಷೆ ಮಾಡುತ್ತಾರಂತೆ. ಗ್ರೀಟ್‌ಗೆ ಫೋನಿನಲ್ಲಿ ಹೇಳಿದರೆ ಉಸಿರುಗಟ್ಟುವಷ್ಟು ನಕ್ಕಳು. ನನಗೆ ನಗು ಬರಲಿಲ್ಲ.

ಇಮ್ಕೆ ಏನೆಂದು ಕೇಳಿದಳು. ಅಪ್ಪನಿಗೆ ವಾಸಿಯಾಗಿದೆಯಾ ಅಂತ ಮುಂದಿನ ವರ್ಷ ನೋಡುತ್ತಾರಂತೆ ಎಂದೆ.

"ಆಗಿರತ್ತಾ?"

"ಇಲ್ಲ ಕಂದ."

"ಮತ್ತೆ ಯಾಕೆ ನೋಡ್ತಾರೆ?"

ಒಗೆದ ಬಟ್ಟೆಯನ್ನು ಹಾಗೇ ಬುಟ್ಟಿಯಲ್ಲಿ ಬಿಟ್ಟು ಸೈಕಲ್ಲುಗಳನ್ನು ಹೊರತೆಗೆದೆ. ವೀಬೆಯನ್ನು ಹತ್ತಿಸಿದೆ. ದೂರು ಹೋದ ಮೇಲೆ ಹಿತ್ತಿಲ ದಾರಿಯಿಂದಲೇ ಏರಿಗೆ ಹೋಗುತ್ತಿದ್ದವರು, ಅಂದು ಬೀದಿಯ ನಡುವೆಯೇ ಹೊರಟೆವು. ದೂರು ಕೊಟ್ಟವರ ಆ ಪರದೆಯಿಲ್ಲದ ಕಿಟಕಿಯ ಹತ್ತಿರ ಬಂದಾಗ ನಾನು ನಿಧಾನಿಸಲಿಲ್ಲ, ವೀಬೆಯೂ ನಿಧಾನಿಸಲಿಲ್ಲ. ನಡುಗುವ ಹೆಬ್ಬೆರಳಿನಿಂದ ಸೈಕಲ್ಲಿನ ಗಂಟೆ ಒತ್ತಿದ. ಆ ನಡುಕಕ್ಕೆ ಗಂಟೆ ನಿಲ್ಲದೆ ಬಡಿದುಕೊಳ್ಳುತ್ತಲೇ ಇತ್ತು, ಬೀದಿಯ ಕೊನೆಯವರೆಗೂ.