ಇಂಗ್ಲಿಷ್ ಕ್ಲಾಸಿನ ಬಾಗಿಲಲ್ಲಿ ಕೋರ್ಟಿನ ಕೂಗು

ಮೈಸೂರಿನಿಂದ ಹೈದರಾಬಾದ್ ಸಂಸ್ಥಾನದ ಚಿತ್ತಾಪುರಕ್ಕೆ ಇಂಗ್ಲಿಷ್ ಮಾಸ್ತರನಾಗಿ ಬಂದಾಗ, ಪರದೇಶದ ನೌಕರಿ ಅಂದುಕೊಂಡೇ ಬಂದಿದ್ದೆ. ದುಡ್ಡು ಬೇರೆ, ಮಾತು ಬೇರೆ, ಹೊತ್ತುಹೊತ್ತಿಗೂ ಜೋಳದ ರೊಟ್ಟಿ. ಅದೆಲ್ಲ ಸಹಿಸಿದೆ. ಸಹಿಸಲಾಗದ್ದು ಒಂದೇ. ನಮ್ಮ ಶಾಲೆಗೂ ಪಕ್ಕದ ಕೋರ್ಟಿಗೂ ಅಂಗಳ ಒಂದೇ ಆಗಿತ್ತು.

ಕೋರ್ಟಿನ ಮುಂದೆ ನೆರಳಿಲ್ಲ. ತಾರೀಖಿಗೆ ಬಂದವರೆಲ್ಲ ನನ್ನ ಕ್ಲಾಸಿನೊಳಗೆ ಹಿಂದುಗಡೆ ಕೂತು, ಎಲೆ ಅಡಿಕೆ ಮೆಲ್ಲುತ್ತ ಇಂಗ್ಲಿಷ್ ಕೇಳುತ್ತಿದ್ದರು. ನಾನು ಒಂದು ವಾಕ್ಯ ಮುಗಿಸುವಷ್ಟರಲ್ಲಿ ಕೋರ್ಟಿನ ಜವಾನ ದೇವೀಂದ್ರಪ್ಪ ಬಾಗಿಲಿಗೆ ಬಂದು ಯಾರದೋ ಹೆಸರು ಕೂಗುವನು. ಮೂರು ಕೂಗಿಗೂ ಓಗೊಡದಿದ್ದರೆ ಅವರ ದಾವೆ ವಜಾ. ನನ್ನ ಪಾಠ ದಿನಾ ವಜಾ ಆಗುತ್ತಿತ್ತಲ್ಲ, ಅದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಹಾಗೆ ಕೂರುವವರಲ್ಲಿ ಭೀಮಮ್ಮ ಹಳಬಳು. ಕಾಗಿಣಾ ಹೊಳೆಯ ದಂಡೆಯಲ್ಲಿ ಅವಳದೊಂದು ತುಂಡು ಹೊಲ. ಗಂಡ ಸತ್ತ ಮೇಲೆ ಮೈದುನ ಅದರಲ್ಲಿ ನೇಗಿಲು ಹೂಡಿದ್ದ. ಅವನ ಮೇಲೆ ಅವಳು ಹಾಕಿದ ದಾವೆ ಹೋದರೆ ಹೊಲವೂ ಹೋಯಿತು, ಅವಳಿಗೆ ಬೇರೆ ಆಸರೆ ಇರಲಿಲ್ಲ. ತಾರೀಖಿನ ಮೇಲೆ ತಾರೀಖು ಬಿದ್ದು, ಅವಳೂ ಮಕ್ಕಳ ಜೊತೆ ಪಾಠ ಒಪ್ಪಿಸತೊಡಗಿದ್ದಳು. ಅದೂ ನನಗೊಂದು ತಲೆನೋವು.

ಶಾಲಾ ಇನ್‌ಸ್ಪೆಕ್ಟರು ತಪಾಸಣೆಗೆ ಬರುವ ದಿನ ದೇವೀಂದ್ರಪ್ಪನನ್ನು ತಡೆದು ನಿಲ್ಲಿಸಿದೆ. "ಇವತ್ತು ನನ್ನ ಬಾಗಿಲಲ್ಲಿ ಬಾಯಿ ಬಿಟ್ಟರೆ ನಿಮ್ಮ ಸಾಹೇಬರಿಗೆ ದೂರು ಕೊಡ್ತೀನಿ."

"ಆತ್ರಿ, ಒದರಂಗಿಲ್ಲ," ಎಂದ.

ಇನ್‌ಸ್ಪೆಕ್ಟರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರು. ತಿಂಗಳುಗಟ್ಟಲೆ ತಿದ್ದಿದ ಮಕ್ಕಳು ತುಟಿ ಬಿಚ್ಚಲಿಲ್ಲ. ಹಿಂದಿನಿಂದ ಭೀಮಮ್ಮ ಉತ್ತರ ಕೊಟ್ಟಳು. ಇನ್‌ಸ್ಪೆಕ್ಟರಿಗೆ ಮಜಾ ಅನಿಸಿತೋ ಏನೋ, ಅವಳನ್ನೇ ಎಬ್ಬಿಸಿ ಇನ್ನೊಂದು ಕೇಳಿದರು. ಅದಕ್ಕೂ ಸರಿಯಾಗಿ ಹೇಳಿದಳು. ನನಗೆ ಮೈಯೆಲ್ಲ ಉರಿಯಿತು.

ಆಗ ಬಾಗಿಲು ನೋಡಿದೆ. ದೇವೀಂದ್ರಪ್ಪ ಬಾಯಿ ಮುಚ್ಚಿಕೊಂಡು ಕೈ ಬೀಸುತ್ತಿದ್ದ. ಹತ್ತಿರ ಹೋದೆ.

"ಭೀಮಮ್ಮಂದು ಪುಕಾರ ಆಗ್ಯಾದ್ರಿ. ಅಲ್ಲಿ ಎರಡು ಸಲ ಒದರೀನಿ," ಎಂದು ಪಿಸುಗುಟ್ಟಿದ. "ಮೂರನೇದು ಇಲ್ಲಿ ಒದರಬೇಕು. ನೀವೇ ಬ್ಯಾಡ ಅಂದೀರಿ."

ಇಂಥ ವಿಧೇಯತೆಗೆ ಇವತ್ತೇ ಮುಹೂರ್ತವೇ? ಇನ್‌ಸ್ಪೆಕ್ಟರನ್ನು ಮರೆತು, ಕೋರ್ಟಿಗೂ ಕೇಳುವಂತೆ ನಾನೇ ಅರಚಿದೆ. "ಭೀಮಮ್ಮ, ಹಾಜರ್ ಹೈ?"

"ಹಾಜರ್ ಅದೀನ್ರಿ," ಎನ್ನುತ್ತ ಅವಳು ಓಡಿದಳು. ಅಷ್ಟು ಹೊತ್ತು ಮೂಕರಾಗಿದ್ದ ಮಕ್ಕಳೆಲ್ಲ ಎದ್ದು ನಿಂತು "ಹಾಜರ್" ಎಂದರು.

ಇನ್‌ಸ್ಪೆಕ್ಟರು ವರದಿಯಲ್ಲಿ 'ಮಾಸ್ತರರ ಧ್ವನಿ ಅತಿ ಜೋರು' ಎಂದು ಬರೆದು ಹೊರಟರು.

ಸ್ವಲ್ಪ ಹೊತ್ತಿಗೆ ಭೀಮಮ್ಮ ವಾಪಸು ಬಂದು ಅದೇ ಜಾಗದಲ್ಲಿ ಕೂತಳು. ಏನಾಯಿತು ಎಂದೆ.

"ಎದುರಿನವರ ವಕೀಲ ಬಂದಿಲ್ಲಂತ್ರಿ. ಮತ್ತ ತಾರೀಖ ಕೊಟ್ಟಾರ." ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ದಾವಾ ಇನ್ನಾ ಜೀವಂತ ಅದ್ರಿ, ಮಾಸ್ತರ. ಪಾಠ ನಡಸ್ರಿ."

ಅರಚಿ ನನ್ನ ಗಂಟಲು ಕಟ್ಟಿತ್ತು. ಆದರೂ ನಡೆಸಿದೆ.