ಉಲ್ಟಾ ಸುತ್ತಿದ ಪಟ್ಟಿ

ಮಡಂತ್ಯಾರಿನ ಮುಂಡಪ್ಪನ ನರ್ಸರಿಯಲ್ಲಿ ಹಫ್ಸ ಎರಡು ತಿಂಗಳು ಮಣ್ಣು ಹೊತ್ತದ್ದು ಒಂದೇ ಒಂದು ರುಜುವಿಗಾಗಿ. ಅವಳದು ತೋಟಗಾರಿಕೆ ಡಿಪ್ಲೊಮಾದ ಕೊನೆಯ ವರ್ಷ. ಅವಳೇ ಕಟ್ಟಿದ ಗೇರುಕಸಿಗಳಲ್ಲಿ ಹದಿನೈದಾದರೂ ಚಿಗುರಿವೆ ಎಂದು ಮುಂಡಪ್ಪ ಬರೆದುಕೊಡಬೇಕು. ಕೊಡದಿದ್ದರೆ ಒಂದು ವರ್ಷ ಮಣ್ಣುಪಾಲು. ಆ ಪುಣ್ಯಾತ್ಮನಿಗೋ ಕಾಲೇಜಿನವರನ್ನು ಕಂಡರೇ ಮೈಯೆಲ್ಲ ಉರಿ.

ಮೊದಲ ದಿನವೇ ಅವಳು ಚಾಕು ಹಿಡಿದದ್ದು ನೋಡಿ ಆಳುಗಳನ್ನೆಲ್ಲ ಕರೆದ.

"ನೋಡಿ, ಎಡಗೈ. ಪ್ಲಾಸ್ಟಿಕ್ ಪಟ್ಟಿಯನ್ನೂ ಉಲ್ಟಾ ಸುತ್ತುತ್ತಾಳೆ. ಹೀಗೆ ಕಟ್ಟಿದ ಕಸಿ ಹಿಡಿಯುವುದುಂಟಾ?"

ಎಲ್ಲರೂ ಹಲ್ಲು ಕಿಸಿದರು. ಕಸಿಯೂ ಹಿಡಿಯಲಿಲ್ಲ. ಕಟ್ಟಿದ ಇಪ್ಪತ್ತೂ ಎರಡೇ ವಾರದಲ್ಲಿ ಕಪ್ಪಾಗಿ ಒಣಗಿದವು. ಎಡಗೈಯ ದೋಷ ಎಂದು ಮುಂಡಪ್ಪ ಊರೆಲ್ಲ ಹೇಳಿಕೊಂಡು ಬಂದ.

ದೋಷ ಕೈಯದಲ್ಲ, ತಾಯಿಮರದಿಂದ ಕೊಯ್ದು ಕಸಿಗೆ ಕಟ್ಟುವ ಕಡ್ಡಿಯದು. ಮುಂಡಪ್ಪ ತನ್ನ ಕಸಿಗಾದರೆ ಹತ್ತು ದಿನ ಮೊದಲೇ ತಾಯಿಮರದ ರೆಂಬೆಯ ಎಲೆಗಳನ್ನು ಕತ್ತರಿಸಿ ಬಿಡುತ್ತಿದ್ದ. ಮೊಗ್ಗು ಉಬ್ಬಿದ ಮೇಲೆಯೇ ಕಡ್ಡಿ ಕೊಯ್ಯುತ್ತಿದ್ದ. ಅವಳ ಕೈಗೆ ಕೊಟ್ಟದ್ದು ಅಂದೇ ಎಲೆ ಕಿತ್ತ ಕಡ್ಡಿ. ಇದೆಲ್ಲ ಪುಸ್ತಕದಲ್ಲಿ ಇದ್ದದ್ದೇ. ಹಿರಿಯರು ಕೊಟ್ಟದ್ದೆಂದು ನಂಬಿದ್ದು ಹಫ್ಸಳ ಪೆದ್ದುತನ. ಅವನು ತನಗಾಗಿ ಕಡ್ಡಿ ಕೊಯ್ಯುವುದನ್ನು ಕಂಡು ಮೋಸ ತಿಳಿದ ದಿನ ಅವಳಿಗೆ ಅಳು ಬರಲಿಲ್ಲ, ಕೋಪ ಬಂತು. ಯಾರಿಗೂ ಹೇಳದೆ ಮರದ ಹಿಂಬದಿಯ ರೆಂಬೆಗಳ ಎಲೆ ತಾನೇ ಕತ್ತರಿಸಿ, ಹತ್ತು ದಿನ ಕಾದು, ಮತ್ತೆ ಇಪ್ಪತ್ತು ಕಟ್ಟಿದಳು. ಹದಿನೆಂಟು ಚಿಗುರಿದವು.

ಕೊನೆಯ ದಿನ ಬೆಳಿಗ್ಗೆ ಬಂದು ನೋಡಿದರೆ ಅವಳ ಗಿಡಗಳು ಮುಂಡಪ್ಪನ ಸಾಲಿನಲ್ಲಿ ಬೆರೆತಿದ್ದವು.

"ನಿನ್ನದೆಲ್ಲ ಸತ್ತಿತಲ್ಲ ಮಾರಾಯ್ತಿ. ಇದು ನನ್ನದು," ಎಂದ ಅವನು. ರುಜುವಿಗೆಂದು ಅವಳು ಚಾಚಿದ ಕಾಗದ ಮುಟ್ಟಲೂ ಇಲ್ಲ.

ಅಷ್ಟರಲ್ಲಿ ನಾರಾವಿಯ ಡೊಂಬಯ್ಯ ಗಿಡ ಕೊಳ್ಳಲು ಜೀಪಿನಲ್ಲಿ ಬಂದಿಳಿದ. ಚಿಗುರು ಮುಟ್ಟಿ ಮುಟ್ಟಿ ನೋಡಿ ಒಂದು ಹತ್ತು ಗಿಡ ಬದಿಗಿಟ್ಟ. ಎಲ್ಲ ತನ್ನ ಕೈಯಿಂದಲೇ ಕಟ್ಟಿದ್ದೆಂದು ಮುಂಡಪ್ಪ ಎದೆಯುಬ್ಬಿಸಿದ. ಹಫ್ಸ ಸಾಲಿನಿಂದ ಮುಂಡಪ್ಪನೇ ಕಟ್ಟಿದ ಒಂದು ಗಿಡ ತಂದು ಪಕ್ಕದಲ್ಲಿಟ್ಟಳು.

"ಪಟ್ಟಿ ಸುತ್ತಿದ್ದು ನೋಡಿ ಡೊಂಬಯ್ಯಣ್ಣ. ನೀವು ಆರಿಸಿದ್ದರಲ್ಲಿ ಏಳು ಉಲ್ಟಾ ಉಂಟು. ಇಲ್ಲಿ ಉಲ್ಟಾ ಸುತ್ತುವುದು ಯಾರೆಂದು ಆಳುಗಳನ್ನೇ ಕೇಳಿ."

ಆಳುಗಳು ತಲೆ ತಗ್ಗಿಸಿದರು. ಅಂದು ನಕ್ಕದ್ದು ಯಾರಿಗೂ ಮರೆತಿರಲಿಲ್ಲ.

ಡೊಂಬಯ್ಯ ಕೈಯ ಮಣ್ಣು ಕೊಡವಿದ. "ಮುಂಡಪ್ಪಾ, ಇದರಲ್ಲೇ ಸುಳ್ಳಾದರೆ ಗಿಡದ ತಳಿ ಇಂಥದ್ದೆಂದು ನೀನು ಹೇಳಿದ್ದನ್ನು ಹೇಗೆ ನಂಬುವುದು ಮಾರಾಯ? ಆ ಹುಡುಗಿಯದ್ದು ಹುಡುಗಿಗೆ ಬರೆದು ಕೊಡು. ಇಲ್ಲದಿದ್ದರೆ ನಾನು ಹೋಗ್ತೇನೆ."

ಮುಂಡಪ್ಪ ಹಲ್ಲು ಕಚ್ಚಿ ಹದಿನೆಂಟು ಎಂದು ಬರೆದ, ರುಜು ಹಾಕಿದ. ಕಾಗದ ಚಾಚಿದವನು ಅವಳ ಕೈ ನೋಡಿ ಹಿಂದಕ್ಕೆಳೆದ.

"ಬಲಗೈಯಲ್ಲಿ ತೆಗೆದುಕೊ."

ಹಿರಿಯರೆಂದು ಎರಡು ತಿಂಗಳೂ ಅವನಿಗೆ ಚಹಾ ಲೋಟವನ್ನು ಬಲಗೈಯಲ್ಲೇ ಕೊಟ್ಟವಳು ಅವಳು. ಇವತ್ತು ಎಡಗೈ ಚಾಚಿಕೊಂಡು ಅವನೆದುರು ನಿಂತಳು. ಡೊಂಬಯ್ಯ ಗಿಡ ಬಿಟ್ಟು ಹೊರಡಲೆಂದು ಜೀಪಿನ ಬಾಗಿಲು ತೆರೆದ ಮೇಲೆ ಮುಂಡಪ್ಪ ಕಾಗದವನ್ನು ಆ ಕೈಯಲ್ಲೇ ಇಟ್ಟ.